ಗಾಡಿಗೆ ಯಾವ ಆಯಿಲ್

ಜೂನ್ 10, ಮಂಗಳವಾರ

ಈ ಡೈರಿ ಯಾವುದೋ ಆಯಿಲ್ ಕಂಪನಿಯವರದು. ಜನವರಿಯಲ್ಲಿ ಶಿಡ್ಲಘಟ್ಟದ ನೂರುಲ್ಲಾ ಸಾಬ್ರು ನಮ್ಮ ಯಜಮಾನರಿಗೆ ಕೊಟ್ಟಿದ್ದರಂತೆ. ಇವರು ಒಂದಕ್ಷರ ಬರೆಯದೆ ಬೀರುವಿನ ಮೇಲೆ ಎಸೆದಿದ್ದರು. ಇವತ್ತು ನನಗೆ ಬೇಕಾಯಿತು, ಧೂಳು ಒರೆಸಿ ತೆಗೆದುಕೊಂಡೆ. ಎಸ್ಸೆಸ್ಸೆಲ್ಸಿ ಆದಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಎಲ್ಲರೂ ನನಗೆ ಬುದ್ಧಿ ಹೇಳಲು ತಯಾರಾಗಿ ಕೂತಿದ್ದಾರೆ. ಡೈರಿಯಾದರೆ ಬಾಯಿ ಮುಚ್ಚಿಕೊಂಡಿರುತ್ತದೆ.

ಯಜಮಾನರ ಹೆಸರು ಚಲಪತಿ. ಇಲ್ಲಿ ಬರೆಯಲು ಏನು ನಾಚಿಕೆ, ಓದುವವರು ಯಾರಿದ್ದಾರೆ? ಚಲಪತಿಗೆ ಒಂದು ಪಿಕಪ್ ಗಾಡಿ ಇದೆ. ದಿಬ್ಬೂರಹಳ್ಳಿ ಸುತ್ತಮುತ್ತಲ ರೈತರ ರೇಷ್ಮೆ ಗೂಡನ್ನು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕುವುದು ಇಪ್ಪತ್ತು ವರ್ಷದಿಂದ ಅವರ ಕಸುಬು. ಮಾರ್ಚಿನಲ್ಲಿ ಲೋಡಿನ ಮೇಲೆ ನಿಂತು ಟಾರ್ಪಾಲ್ ಕಟ್ಟುವಾಗ ಜಾರಿ ಬಿದ್ದರು. ತೊಡೆಯ ಮೂಳೆ ಮುರಿದು, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಆಗ ಅವರ ಚಿಕ್ಕಪ್ಪನ ಮಗ ಮುರಳಿಮೋಹನ ಗೌರಿಬಿದನೂರಿನಿಂದ ಓಡಿ ಬಂದ. ಅವನಿಗೆ ಅಲ್ಲಿ ಎರಡು ಗಾಡಿಗಳಿವೆ. "ಅಣ್ಣಾ, ನೀನು ಎದ್ದು ಓಡಾಡೋ ತನಕ ಗಾಡಿ ನನ್ನ ಹತ್ರ ಇರ್ಲಿ" ಎಂದ. ನಾನು ಸುಮ್ಮನಿರಬೇಕಿತ್ತು, ಬಾಯಿ ತಡೆಯಲಿಲ್ಲ. "ನನಗೆ ಲೈಸೆನ್ಸ್ ಇದೆಯಲ್ಲ" ಎಂದುಬಿಟ್ಟೆ. ಚಿಂತಾಮಣಿ ಕಡೆ ನಮ್ಮಪ್ಪನ ಟ್ರ್ಯಾಕ್ಟರ್ ಓಡಿಸಿಕೊಂಡು ಬೆಳೆದವಳು ನಾನು. ನಾಲ್ಕು ವರ್ಷದ ಹಿಂದೆ ಇವರೇ ತಮಾಷೆಗೆ ಲೈಸೆನ್ಸ್ ಮಾಡಿಸಿದ್ದರು.

ಇವರು ಒಪ್ಪಿದರು, ಆದರೆ ಷರತ್ತು ಹಾಕಿ. "ಇಂಜಿನ್‌ಗೆ ಏನಾದ್ರೂ ಆಯ್ತೋ, ಅವತ್ತೇ ಗಾಡಿ ಮುರಳಿಗೆ." ಆಗಲಿ ಎಂದೆ. ನನಗೇನು ಡ್ರೈವರ್ ಆಗುವ ಆಸೆಯೇ? ಗಿರಾಕಿಗಳು ಕೈಬಿಟ್ಟು ಹೋಗದಿರಲಿ ಎಂದಷ್ಟೇ.

ಈಗ ಆಯಿಲ್ ಬದಲಾಯಿಸುವ ಹೊತ್ತು ಬಂದಿದೆ. ಮುಂದಿನ ಗಾಜಿನ ಮೂಲೆಯಲ್ಲಿ ಸಾಬ್ರು ಅಂಟಿಸಿದ ಚೀಟಿ ಹಾಗೆ ಹೇಳುತ್ತದೆ. ಯಾವ ಆಯಿಲ್ ಎಂದು ಇವರನ್ನು ಕೇಳಿದರೆ "ಮಾಮೂಲಿ ಹಾಕ್ಸು" ಅನ್ನುತ್ತಾರೆ. ಮಾಮೂಲಿ ಅಂದರೆ ಯಾವುದು ಅಂದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಮುರಳಿ ಫೋನ್ ಮಾಡಿ, "ಅತ್ತಿಗೆ, ಫುಲ್ಲಿ ಸಿಂಥೆಟಿಕ್ಕೇ ಹಾಕ್ಸಿ, ನನ್ನ ಕಾರಿಗೆ ಅದನ್ನೇ ಹಾಕೋದು. ಬೇರೆದು ಹಾಕಿದ್ರೆ ಇಂಜಿನ್ ಸವೆದು ಬೋರ್‌ಗೆ ಬರುತ್ತೆ, ಆಮೇಲೆ ನನ್ನನ್ನ ಕೇಳ್ಬೇಡಿ" ಎಂದ. ನಮ್ಮತ್ತೆ ಅಕ್ಕಯಮ್ಮ ರೇಷ್ಮೆ ಸಾಕುವ ಹುಳು ಮನೆಯಿಂದಲೇ ಕೂಗಿದರು: "ಸಿಂಥೆಟಿಕ್ಕಾ? ಒದ್ದಮ್ಮಾ, ಬ್ಯಾಡ! ಸೀರೆನೇ ಸಿಂಥೆಟಿಕ್ ಉಟ್ಟೋಳಲ್ಲ ನಾನು. ಆ ಸುಳ್ಳು ಮಾಲನ್ನ ಗಾಡಿಗ್ಯಾಕೆ ಹಾಕ್ತೀರಿ?"

ನನ್ನ ತಲೆ ಮೊಸರು ಗಡಿಗೆಯಾಗಿದೆ.

ಜೂನ್ 12, ಗುರುವಾರ

ಗೂಡು ಇಳಿಸಿ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಸಾಲಾಗಿ ಇಟ್ಟಿದ್ದ ಡಬ್ಬಿಗಳನ್ನು ಓದಿದೆ. ಒಂದರ ಮೇಲೆ ಫುಲ್ಲಿ ಸಿಂಥೆಟಿಕ್. ಇನ್ನೊಂದರ ಮೇಲೆ ಸೆಮಿ ಸಿಂಥೆಟಿಕ್. ಪಕ್ಕದ್ದು ಸಿಂಥೆಟಿಕ್ ಬ್ಲೆಂಡ್. ಅದರ ಪಕ್ಕದ್ದು ಸಿಂಥೆಟಿಕ್ ಟೆಕ್ನಾಲಜಿ. ಟೆಕ್ನಾಲಜಿಯನ್ನು ಇಂಜಿನ್ನಿಗೆ ಸುರಿಯುತ್ತಾರೆಯೇ? ಬಂಕಿನವನನ್ನು ಕೇಳಿದೆ. "ಎಲ್ಲಾ ಒಳ್ಳೇದೇ ಅಮ್ಮ, ಯಾವ್ದು ಕೊಡ್ಲಿ?" ಎಂದ. ಎಲ್ಲವೂ ಒಳ್ಳೆಯದಾದರೆ ಇಷ್ಟು ಹೆಸರು ಯಾಕೆ ಇಟ್ಟಿರಪ್ಪ ಎಂದು ಬೈದು ಬಂದೆ. ಪಾಪ, ಅವನದೇನು ತಪ್ಪು.

ಜೂನ್ 14, ಶನಿವಾರ

ನೂರುಲ್ಲಾ ಸಾಬ್ರ ಅಂಗಡಿಗೆ ಹೋಗಿದ್ದೆ. ಹಿಂದುಗಡೆ ಶೆಡ್ಡಿನಲ್ಲಿ ಅವರು ರಿಪೇರಿ ಮಾಡುತ್ತಾರೆ, ಮುಂದೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮಗಳು ಇಫ್ರಾ ಕೂರುತ್ತಾಳೆ. ಬಿ.ಕಾಂ ಮುಗಿಸಿದ್ದಾಳೆ. ಗಿರಾಕಿಗಳು ಬಂದರೆ ಮೊದಲು "ಅಪ್ಪ ಎಲ್ಲಮ್ಮ?" ಎಂದೇ ಕೇಳುತ್ತಾರೆ. ನಾನೂ ಹಾಗೇ ಕೇಳಿದೆ. "ಅಪ್ಪ ಗಾಡಿ ಕೆಳಗಿದಾರೆ. ನನಗೇ ಹೇಳಿ ಅಕ್ಕ" ಎಂದಳು.

"ಸಿಂಥೆಟಿಕ್ ಅಂದ್ರೆ ಏನು ಹೇಳು ನೋಡಣ. ಅಸಲಿನಾ, ನಕಲಿನಾ?"

"ಅಸಲಿ ನಕಲಿ ಅಲ್ಲ ಅಕ್ಕ. ಮಾಮೂಲಿ ಆಯಿಲ್‌ನ ನೆಲದೊಳಗಿನ ಕಚ್ಚಾ ಎಣ್ಣೆ ಸೋಸಿ ತೆಗೀತಾರೆ, ಮಿನರಲ್ ಅಂತಾರೆ. ಸಿಂಥೆಟಿಕ್‌ನಲ್ಲಿ ಎರಡು ಥರ. ಒಂದು, ಫ್ಯಾಕ್ಟರೀಲಿ ಗ್ಯಾಸ್‌ನಿಂದ ಹೊಸದಾಗೇ ಕಟ್ಟೋದು. ಅದು ಭಾರಿ ರೇಟು. ಇನ್ನೊಂದು, ಅದೇ ಕಚ್ಚಾ ಎಣ್ಣೇನ ಒತ್ತಡ ಕೊಟ್ಟು ಒಡೆದು, ಕೊಳೆಯೆಲ್ಲ ತೆಗೆದು, ಮತ್ತೆ ಮತ್ತೆ ಶುದ್ಧ ಮಾಡೋದು. ಅಂಗಡೀಲಿ ಸಿಂಥೆಟಿಕ್ ಅಂತ ಸಿಗೋದು ಜಾಸ್ತಿ ಇದೇ."

"ತಡಿ ತಡಿ. ಅದೇ ಕಚ್ಚಾ ಎಣ್ಣೆ ಅಂದ್ಮೇಲೆ ಅದು ಹೆಂಗೆ ಸಿಂಥೆಟಿಕ್ ಆಯ್ತು?"

"ಹೊರದೇಶದಲ್ಲಿ ಕಂಪನಿಗಳೇ ಇದಕ್ಕೆ ಕಿತ್ತಾಡಿದಾವೆ ಅಕ್ಕ. ಈಗ ಎರಡನ್ನೂ ಸಿಂಥೆಟಿಕ್ ಅಂತ್ಲೇ ಮಾರ್ತಾರೆ."

ನಾನು ಕಣ್ಣು ಕಣ್ಣು ಬಿಟ್ಟೆ. ಅವಳು ನಕ್ಕು, "ನಮ್ ತಾತ ಚರಕದಲ್ಲಿ ರೇಷ್ಮೆ ನೂಲು ತೆಗೀತಿದ್ರು. ಈಗ ದೊಡ್ಡ ಮಷಿನ್‌ನಲ್ಲಿ ತೆಗೀತಾರೆ. ಗೂಡು ಅದೇ ಅಲ್ವಾ? ನೂಲು ಒಂದೇನಾ?" ಎಂದಳು.

"ಎಲ್ಲಿಂದ ಒಂದು? ಮಷಿನ್ ನೂಲು ಒಂದೇ ಸಮ ಇರುತ್ತೆ. ಚರಕದ್ದು ಒಂದ್ಕಡೆ ದಪ್ಪ, ಒಂದ್ಕಡೆ ಸಣ್ಣ."

"ಹಂಗೇ ಅಕ್ಕ ಇದೂ."

ಹಾಗೆ ಹೇಳಿದಾಗ ಅರ್ಥವಾಯಿತು. ಎರಡು ನಿಮಿಷ ಬಹಳ ಜಾಣೆ ಅನ್ನಿಸಿತು. ಆಮೇಲೆ ಸೆಮಿಯಲ್ಲಿ ಸಿಂಥೆಟಿಕ್ ಎಷ್ಟು ಬೆರೆಸಿರುತ್ತಾರೆ ಎಂದು ಕೇಳಿ ಮತ್ತೆ ಕೆಟ್ಟೆ. ಇಷ್ಟೇ ಇರಬೇಕು ಎಂದು ಗಟ್ಟಿ ಲೆಕ್ಕವೇ ಇಲ್ಲವಂತೆ! "ಹಂಗಾದ್ರೆ ಒಂದು ಕೊಡ ನೀರಿಗೆ ಒಂದು ಲೋಟ ಹಾಲು ಹಾಕಿ ಸೆಮಿ ಹಾಲು ಅನ್ನಬೋದಾ?" ಎಂದೆ. ಇಫ್ರಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಹೊರಡುವಾಗ ಹೇಳಿದಳು: "ಅಕ್ಕ, ಡಬ್ಬಿ ಮುಂದುಗಡೆ ದೊಡ್ಡ ಅಕ್ಷರ ಬಿಟ್ಟಾಕಿ. ಹಿಂದುಗಡೆ ಸಣ್ಣ ಅಕ್ಷರ ಓದಿ. ಎಷ್ಟು ದಪ್ಪದ ಆಯಿಲ್, ಯಾವ ದರ್ಜೆದು ಅಂತ ಎರಡು ನಂಬರ್ ಇರುತ್ತೆ. ನಿಮ್ಮ ಗಾಡಿ ಪುಸ್ತಕದಲ್ಲೂ ಇರುತ್ತೆ. ಎರಡೂ ತಾಳೆ ಆಗ್ಬೇಕು, ಅಷ್ಟೇ."

ಗಾಡಿಗೂ ಪುಸ್ತಕ ಇರುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಜೂನ್ 15, ಭಾನುವಾರ

ಪುಸ್ತಕ ಸೀಟಿನ ಕೆಳಗೆ ಸಿಕ್ಕಿತು. ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚಿಯೇ ಇಲ್ಲ. ಇಪ್ಪತ್ತು ವರ್ಷದ ಡ್ರೈವರ್ ಸಾಹೇಬರು! ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದೆ. ದಪ್ಪ: 15W-40. ದರ್ಜೆ: CI-4 Plus. ಸಿಂಥೆಟಿಕ್ ಎಂದು ಹುಡುಕಿದೆ. ಎಲ್ಲೂ ಇಲ್ಲ. ಇಲ್ಲ ಅಂದರೆ ಬೇಡ ಎಂದೋ, ಹೇಳುವುದು ಮರೆತರೋ?

ಇವರಿಗೆ ತೋರಿಸಿದೆ. "ಪುಸ್ತಕ ಓದಿ ಗಾಡಿ ಓಡ್ಸೋಕಾಗುತ್ತೇನೇ?" ಎಂದರು. ಸ್ವಲ್ಪ ಹೊತ್ತಾದ ಮೇಲೆ ತಾವೇ ತೆಗೆದುಕೊಂಡು ಪುಟ ತಿರುವುತ್ತಿದ್ದರು. ನಾನು ಬಾಗಿಲಿಗೆ ಬಂದ ಕೂಡಲೇ ಪಕ್ಕಕ್ಕಿಟ್ಟರು.

ಜೂನ್ 17, ಮಂಗಳವಾರ

ಇವತ್ತು ಆಯಿಲ್ ಹಾಕಿಸಿದೆ. ಇಫ್ರಾ ಮೂರು ಡಬ್ಬಿ ತಂದು ಮುಂದಿಟ್ಟಳು. ಮುರಳಿ ಹೇಳಿದ ಫುಲ್ಲಿ ಸಿಂಥೆಟಿಕ್‌ನ ಹಿಂದೆ ಬರೆದಿದ್ದ ನಂಬರೇ ಬೇರೆ, ಅದು ಪೆಟ್ರೋಲ್ ಕಾರುಗಳದು! ಅದನ್ನು ಪಕ್ಕಕ್ಕೆ ಸರಿಸಿದೆ. ಸೆಮಿ ಮತ್ತು ಮಾಮೂಲಿ ಎರಡರ ಹಿಂದೆಯೂ ನಮ್ಮ ಪುಸ್ತಕದ ನಂಬರುಗಳಿದ್ದವು. ಸೆಮಿಗೆ ರೇಟು ಹೆಚ್ಚು. ಗಾಡಿಗೆ ಸರಿಹೊಂದುವ ಫುಲ್ಲಿಯೂ ಇದೆಯಂತೆ, ಅದು ಮಾಮೂಲಿಯ ಎರಡರಷ್ಟು. ಆಗ ಸಾಬ್ರು ಕೈ ಒರೆಸಿಕೊಳ್ಳುತ್ತಾ ಬಂದರು.

"ಶ್ಯಾಮಲಮ್ಮ, ನಿಮ್ದು ಎಂಟು ವರ್ಷದ ಗಾಡಿ. ಮಣ್ಣು ರೋಡು, ಹತ್ತು ಹೆಜ್ಜೆಗೊಂದು ಊರಲ್ಲಿ ನಿಲ್ಲಿಸ್ತೀರಿ. ಫುಲ್ಲಿ ಹಾಕಿದ್ರೆ ಕೆಡುಕಿಲ್ಲ. ಆದ್ರೆ ಕಾಸು ಜಾಸ್ತಿ ಕೊಟ್ಟಿದೀವಿ ಅಂತ ಜನ ಬದಲಾಯ್ಸೋದೇ ಮರ್ತು ಬಿಡ್ತಾರೆ. ಸರಿಯಾದ ನಂಬರಿಂದು ಹಾಕಿ, ಟೈಮಿಗೆ ಸರಿಯಾಗಿ ಬದಲಾಯ್ಸಿ, ಜೊತೆಗೆ ಫಿಲ್ಟರ್ರೂ ಬದಲಾಯ್ಸಿ. ಇಂಜಿನ್‌ಗೆ ಬೇಕಾಗಿರೋದು ಅಷ್ಟೇ."

ಮಾಮೂಲಿಯನ್ನೇ ಆರಿಸಿದೆ. ಡಬ್ಬಿಯ ಮೇಲೆ ಎಲ್ಲಿಯೂ ಸಿಂಥೆಟಿಕ್ ಎನ್ನುವ ಮಾತಿಲ್ಲ. ಸೀಲು ನೋಡಿದೆ, ಮುಚ್ಚಳ ನೋಡಿದೆ. ಸುರಿಯುವಾಗ ಹರಳೆಣ್ಣೆಯ ಬಣ್ಣದಲ್ಲಿ ತಿಳಿಯಾಗಿ ಇಳಿಯಿತು. ನೋಡಿ ಖುಷಿಯಾಯಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಖುಷಿಯೆಲ್ಲ ಇಳಿದು ಭಯ ಶುರುವಾಯಿತು. ಕಾಸಿನ ಮುಖ ನೋಡಿ ಅಗ್ಗದ್ದು ಹಾಕಿಸಿದೆನೇ? ಮುರಳಿ ಕೇಳಿದರೆ ಏನು ಹೇಳಲಿ?

ಆಯಿಲ್ ವಾಸನೆ ಇದೆ ಎಂದು ಅತ್ತೆ ನನ್ನನ್ನು ಹುಳು ಮನೆಯ ಹತ್ತಿರವೂ ಸೇರಿಸಲಿಲ್ಲ. ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ. ಪೊರೆ ಬಿಡುವ ಹೊತ್ತಿನಲ್ಲಿ ಯಾವ ವಾಸನೆಯೂ ಆಗಬಾರದು. ಎರಡು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ, ದೂರದಿಂದಲೇ ಮೂಗು ಮುಚ್ಚಿಕೊಂಡು "ಹೋಗೇ, ಹೋಗೇ" ಅನ್ನುತ್ತಾರೆ.

ಜೂನ್ 23, ಸೋಮವಾರ

ಹಾಳಾಗಿ ಹೋಗಲಿ. ಎಲ್ಲವೂ ಹಾಳಾಗಿ ಹೋಗಲಿ.

ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಹರಾಜು ತಡವಾಯಿತು. ಸುಮ್ಮನೆ ಕೂರಲಾರದೆ ಬಾನೆಟ್ ಎತ್ತಿ, ಇಫ್ರಾ ಹೇಳಿಕೊಟ್ಟ ಹಾಗೆ ಆಯಿಲ್ ನೋಡುವ ಕಡ್ಡಿ ಎಳೆದು ಬಟ್ಟೆಗೆ ಒರೆಸಿದೆ. ಕಪ್ಪು! ಕಾಡಿಗೆಯ ಹಾಗೆ ಕಪ್ಪು. ಹಾಕಿಸಿ ಆರು ದಿನ ಆಗಿದೆ. ಮತ್ತೆ ಅದ್ದಿ ತೆಗೆದೆ, ಅದೇ ಕಪ್ಪು.

ನಾನು ಮದುವೆಯಾಗಿ ಬಂದ ದಿನದಿಂದ ಗೂಡು ವಿಂಗಡಿಸಿದವಳು. ಕರೆ ಬಿದ್ದ ಗೂಡನ್ನು ಮುಟ್ಟದೆಯೇ ಹೇಳಬಲ್ಲೆ, ಒಳಗೆ ಹುಳು ಸತ್ತಿದೆ ಎಂದು. ಬಿಳುಪಾಗಿದ್ದದ್ದು ಕಪ್ಪಾಯಿತು ಅಂದರೆ ಕೆಟ್ಟಿತು, ಆರಿಸಿ ಆಚೆಗೆ ಹಾಕು. ಈ ಕಣ್ಣು ಇದುವರೆಗೆ ಮೋಸ ಹೋಗಿಲ್ಲ.

ಸೀದಾ ಸಾಬ್ರ ಅಂಗಡಿಗೆ ಹೋದೆ. ಐದಾರು ಜನ ಡ್ರೈವರುಗಳು ಟೀ ಕುಡಿಯುತ್ತಾ ನಿಂತಿದ್ದರು. ನೋಡಲಿಲ್ಲ ನಾನು, ಬಾಯಿಗೆ ಬಂದ ಹಾಗೆ ಅಂದೆ. "ನಂಬ್ಕೊಂಡು ಬಂದೋಳಿಗೆ ಡೂಪ್ಲಿಕೇಟ್ ಆಯಿಲ್ ಹಾಕ್ತೀಯಾ? ಚರಕ, ಮಷಿನ್ ಅಂತ ಕಥೆ ಬೇರೆ ಹೇಳ್ತೀಯಾ? ನೋಡು ಇದನ್ನ!" ಎಂದು ಕಪ್ಪಾದ ಬಟ್ಟೆಯನ್ನು ಕೌಂಟರಿನ ಮೇಲೆ ಎಸೆದೆ. ಇಫ್ರಾ ಕೆಂಪಾದಳು. "ಅಕ್ಕ, ಅದು ಹಂಗೇ..." ಎಂದು ಶುರು ಮಾಡಿದಳು. ನಾನು ಮುಗಿಸಲು ಬಿಡಲಿಲ್ಲ. ಸಾಬ್ರು ಬಂದು, ನಿನ್ನೆ ತಾನೇ ಆಯಿಲ್ ಹಾಕಿದ ಇನ್ನೊಂದು ಗಾಡಿಯ ಕಡ್ಡಿ ಎಳೆದು ತೋರಿಸಿದರು. ಅದೂ ಕಪ್ಪು. "ಅದೂ ಡೂಪ್ಲಿಕೇಟೇ!" ಎಂದು ಬಂದುಬಿಟ್ಟೆ.

ಮನೆಗೆ ಬಂದು ಇವರಿಗೆ ಹೇಳಿದೆ. ಮುಚ್ಚಿಡಬಹುದಿತ್ತು, ನನ್ನ ಕೈಲಾಗಲಿಲ್ಲ. "ಕಪ್ಪಾಗಿದೆ ಕಣ್ರೀ, ನಾನೇ ಕೆಡಿಸಿದೆ ಅನ್ಸುತ್ತೆ" ಎಂದು ಅತ್ತುಬಿಟ್ಟೆ. "ಕಪ್ಪಾಗಿದೆಯಾ?" ಎಂದು ಇವರು ಒಮ್ಮೆ ಕೇಳಿದರು. ಆಮೇಲೆ ಫೋನ್ ತೆಗೆದು ನನ್ನೆದುರಿಗೇ ಮುರಳಿಗೆ ಹೇಳಿದರು, ಮುಂದಿನ ತಿಂಗಳು ಮೊದಲ ವಾರ ಬಂದು ಗಾಡಿ ತೆಗೆದುಕೊಂಡು ಹೋಗು ಎಂದು.

ಷರತ್ತು ಷರತ್ತೇ. ನಾನೇ ಒಪ್ಪಿದ್ದು. ಆದರೆ ಗಾಡಿ ಹೋಗುತ್ತದೆ ಅಂದ ಕೂಡಲೇ ಎದ್ದು ಹೋಗಿ ಅದರ ಸೀಟಿನಲ್ಲಿ ಕೂತು ಬಂದೆ. ಬೆಳಿಗ್ಗೆ ನಾಲ್ಕಕ್ಕೆ ಏಳುವುದು ತಪ್ಪುತ್ತದೆ, ಸೊಂಟ ನೋವು ತಪ್ಪುತ್ತದೆ, ಖುಷಿ ಪಡಬೇಕಲ್ಲವೇ ನಾನು?

ಜೂನ್ 24, ಮಂಗಳವಾರ

ಹೊಸ ಆಯಿಲ್ ಹಾಕಿಸಲೋ ಎಂದು ಕೇಳಿದೆ. ಬೇಡ, ಹೆಂಗೂ ಮುರಳಿ ನೋಡ್ಕೋತಾನೆ ಎಂದರು. ಕೆಟ್ಟ ಆಯಿಲ್‌ನಲ್ಲೇ ಓಡಿಸು ಅನ್ನುತ್ತಿದ್ದಾರೆ. ಅರ್ಥವಾಗುತ್ತಿಲ್ಲ.

ಜುಲೈ 1, ಮಂಗಳವಾರ

ಇವರನ್ನು ಚಿಕ್ಕಬಳ್ಳಾಪುರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಗಾಡಿಯಲ್ಲೇ. ಇವರು ಎಡಗಡೆ ಸೀಟಿನಲ್ಲಿ ಕಾಲು ಚಾಚಿ ಕೂತು, ಹಳ್ಳ ಬಂದಾಗಲೆಲ್ಲ ಬ್ರೇಕ್ ಒತ್ತುವವರ ಹಾಗೆ ಒಳ್ಳೆಯ ಕಾಲನ್ನು ಒತ್ತುತ್ತಿದ್ದರು. ಡಾಕ್ಟರ್ ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡುತ್ತಿದೆ, ಸೆಪ್ಟೆಂಬರಿಗೆ ಗಾಡಿ ಓಡಿಸಬಹುದು ಎಂದರು. ಇವರು ನನ್ನ ಮುಖ ನೋಡಿದರು. ನಾನು ನಕ್ಕೆ. ನಕ್ಕೆ ಅಂದುಕೊಂಡಿದ್ದೇನೆ.

ಹೊರಗೆ ಆ್ಯಂಬುಲೆನ್ಸ್ ಡ್ರೈವರೊಬ್ಬ ಬಾನೆಟ್ ಎತ್ತಿ ಕಡ್ಡಿ ಒರೆಸುತ್ತಿದ್ದ. ಬಟ್ಟೆಯೆಲ್ಲ ಕಪ್ಪು. ತಡೆಯಲಾರದೆ, "ಆಯಿಲ್ ಕೆಟ್ಟೋಗಿದೆಯಲ್ಲಪ್ಪ, ರೋಗಿಗಳನ್ನ ಕರ್ಕೊಂಡು ಓಡೋ ಗಾಡಿ" ಎಂದೆ.

ಅವನು ನಕ್ಕ. "ಮೊನ್ನೆ ಹಾಕ್ಸಿದ್ದು ಅಮ್ಮಾ. ಡೀಸೆಲ್ ಇಂಜಿನ್ ಅಲ್ವಾ, ಮಸಿ ಬರುತ್ತೆ. ಒಳ್ಳೆ ಆಯಿಲ್ ಆ ಮಸೀನ ಒಳಗೆ ಅಂಟಕ್ಕೆ ಬಿಡಲ್ಲ, ತಾನೇ ಎತ್ಕೊಂಡು ಓಡಾಡ್ತಿರುತ್ತೆ. ಕಪ್ಪಾಗ್ಲಿಲ್ಲ ಅಂದ್ರೆ ನಾವು ಭಯ ಬೀಳ್ಬೇಕು. ಬದಲಾಯ್ಸೋ ಟೈಮು ಕಿಲೋಮೀಟರ್ ನೋಡಿ ಹೇಳ್ಬೇಕು, ಬಣ್ಣ ನೋಡಿ ಅಲ್ಲ. ಡೀಸೆಲ್ ಗಾಡಿ ಓಡ್ಸೋ ಯಾವನನ್ನ ಬೇಕಾದ್ರೂ ಕೇಳಿ."

ಯಾವನನ್ನ ಬೇಕಾದರೂ. ನಾನು ತಿರುಗಿ ಪಕ್ಕದಲ್ಲಿ ಕೋಲು ಊರಿಕೊಂಡು ನಿಂತವರನ್ನು ನೋಡಿದೆ. ಇವರು ಆಸ್ಪತ್ರೆಯ ಬೋರ್ಡ್ ಓದುತ್ತಿದ್ದರು.

ಇಪ್ಪತ್ತು ವರ್ಷ ಡೀಸೆಲ್ ಗಾಡಿ ಓಡಿಸಿದವರಿಗೆ ಇದು ಗೊತ್ತಿರಲಿಲ್ಲವೇ?

ಜುಲೈ 2, ಬುಧವಾರ

ಮೊದಲು ಇಫ್ರಾಳ ಹತ್ತಿರ ಹೋದೆ. ಹಿತ್ತಲಿನ ಹಲಸಿನ ಹಣ್ಣು ತೆಗೆದುಕೊಂಡು ಹೋಗಿದ್ದೆ. ಕೌಂಟರಿನ ಮೇಲಿಟ್ಟು, "ನಂದು ತಪ್ಪಾಯ್ತು ಕಣಮ್ಮ" ಎಂದೆ. ಇಷ್ಟು ವಯಸ್ಸಿಗೆ ಈ ಮಾತು ನಾನು ಯಾರಿಗೂ ಹೇಳಿರಲಿಲ್ಲ. ಅವಳು ತಲೆ ಎತ್ತದೆ ಬಿಲ್ ಬರೆಯುತ್ತಲೇ ಇದ್ದಳು.

"ಬೈದಿದ್ದಕ್ಕೆ ಬೇಜಾರಿಲ್ಲ ಅಕ್ಕ. ಅವತ್ತು ಟೀ ಕುಡೀತಿದ್ದೋರಲ್ಲಿ ಇಬ್ರು ಮತ್ತೆ ಬರ್ಲೇ ಇಲ್ಲ. ಅಪ್ಪ ಏನೂ ಅನ್ನಲ್ಲ. ಆದ್ರೆ ಎರಡು ದಿನ ಕೌಂಟರಿಗೆ ತಾವೇ ಬಂದು ಕೂತಿದ್ರು, ನನಗೆ ಮನೇಲಿರು ಅಂದ್ರು."

ಆ ಇಬ್ಬರ ಹೆಸರು ಕೇಳಿಕೊಂಡೆ. ಒಬ್ಬ ಮುನಿಶಾಮಪ್ಪ, ಇನ್ನೊಬ್ಬ ಆವಲಪ್ಪ. ಇಬ್ಬರೂ ಮಾರ್ಕೆಟ್ಟಿಗೆ ಗೂಡು ತರುವವರೇ.

ಸಂಜೆ ಮನೆಗೆ ಬಂದು ಇವರನ್ನು ನೇರವಾಗಿ ಕೇಳಿದೆ. "ಆಯಿಲ್ ಕಪ್ಪಾಗೋದು ನಿಮಗೆ ಗೊತ್ತಿತ್ತು ತಾನೇ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಅತ್ತಾಗಲೂ ಹೇಳ್ಲಿಲ್ಲ. ಆ ಮಗೂನ ಅಂಗಡೀಲಿ ಮಾನ ಕಳೆದು ಬಂದೆ ಅಂದಾಗಲೂ ಹೇಳ್ಲಿಲ್ಲ. ಸೆಪ್ಟೆಂಬರಿಗೆ ನೀವೇ ಓಡ್ಸೋ ಹಂಗಿದ್ರೆ ಎರಡು ತಿಂಗಳಿಗೆ ಮುರಳಿಗೆ ಯಾಕೆ ಕೊಡ್ಬೇಕು?"

ಇವರು ಕೋಲಿನ ತುದಿಯಿಂದ ನೆಲ ಕೆರೆಯುತ್ತಾ ಕೂತರು. ನಾನು ಎದ್ದೆ. ಆಗ ಹೇಳಿದರು.

"ಮುರಳಿ ಹತ್ರ ಇದ್ರೆ, ನನ್ನ ಗಾಡಿ ನನಗೆ ಕೊಡಪ್ಪ ಅಂತ ಕೇಳ್ಬೋದು. ನಿನ್ನ ಕೈಗೆ ಒಗ್ಗಿದ್ಮೇಲೆ ನಿನ್ನ ಹತ್ರ ಹೆಂಗೆ ಕೇಳ್ಲಿ?"

ಇದೇನು ಮಾತು? ಗಂಡ ಹೆಂಡತಿಯನ್ನು ಕೇಳಲು ಏನು ಕಷ್ಟ? ಅಷ್ಟು ಹೇಳಿ ಮುಖ ತಿರುಗಿಸಿಕೊಂಡರು. ನನಗೆ ಸಿಟ್ಟು ಬಂತು, ಸಿಟ್ಟಿನ ಜೊತೆಗೆ ಅಳುವೂ ಬಂತು, ಯಾವುದು ಯಾಕೆ ಎಂದು ಬಿಡಿಸಲಾಗಲಿಲ್ಲ. ಅನ್ನ ಬಡಿಸಿದೆ. ಇಬ್ಬರೂ ಉಂಡೆವು.

ಜುಲೈ 3, ಗುರುವಾರ

ಮಾರ್ಕೆಟ್ಟಿನಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಮುನಿಶಾಮಪ್ಪ, ಆವಲಪ್ಪ ಇಬ್ಬರನ್ನೂ ಹಿಡಿದು ನಿಲ್ಲಿಸಿ ಹೇಳಿದೆ, ತಪ್ಪು ನಂದು, ಸಾಬ್ರ ಆಯಿಲ್‌ದಲ್ಲ ಎಂದು. ಎಲ್ಲರಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ. ಕೇಳಲು ಹತ್ತು ಜನ ಸೇರಿದರು. ಆವಲಪ್ಪ ತನ್ನ ಡಬ್ಬಿಯನ್ನೇ ತಂದು, "ನಂದು ಸಿಂಥೆಟಿಕ್ಕೇನಮ್ಮ, ಜಾಸ್ತಿ ಕೊಟ್ಟು ತಗೊಂಡೆ" ಎಂದ. ತಿರುಗಿಸಿ ಹಿಂದೆ ಓದಿದೆ. ಕಚ್ಚಾ ಎಣ್ಣೆಯನ್ನೇ ಶುದ್ಧ ಮಾಡಿದ್ದನ್ನೂ ಸಿಂಥೆಟಿಕ್ ಅನ್ನುತ್ತಾರೆ, ತಪ್ಪೇನಿಲ್ಲ, ನಿನ್ನ ಗಾಡಿಯ ಪುಸ್ತಕದ ನಂಬರ್ ಹೇಳು ಮೊದಲು ಎಂದೆ. ಅವನ ಪುಸ್ತಕದ ಕವರೂ ಬಿಚ್ಚಿಲ್ಲವಂತೆ. ಈ ಗಂಡಸರೆಲ್ಲ ಹೀಗೆಯೋ ಏನೋ. ಇಬ್ಬರು ಕಡ್ಡಿ ಎಳೆದು ನನಗೆ ತೋರಿಸಿ "ನೋಡಮ್ಮ, ಸರಿ ಇದೆಯಾ" ಎಂದರು. ನನಗೇನು ಗೊತ್ತು? ಗೊತ್ತಿದ್ದಷ್ಟು ಹೇಳಿದೆ. ಈ ಗಲಾಟೆಯಲ್ಲಿ ನನ್ನ ಗಾಡಿಯಿಂದ ಗೂಡು ಇಳಿಸುವುದು ತಡವಾಯಿತು.

ಜುಲೈ 7, ಸೋಮವಾರ

ಮುರಳಿ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದ. ಗೌರಿಬಿದನೂರಿನಿಂದ ಫುಲ್ಲಿ ಸಿಂಥೆಟಿಕ್‌ನ ದೊಡ್ಡ ಡಬ್ಬಿ ಹೊತ್ತುಕೊಂಡು ಬಂದಿದ್ದ. "ಅತ್ತಿಗೆ, ನೀವು ಹಾಕ್ಸಿರೋದೆಲ್ಲ ಇಲ್ಲೇ ಬಸಿದು, ಇದನ್ನ ಹಾಕ್ಕೊಂಡೇ ಹೊರಡ್ತೀನಿ" ಎಂದ. ಡಬ್ಬಿ ತಿರುಗಿಸಿ ನೋಡಿದೆ. "ಇದು ಪೆಟ್ರೋಲ್ ಕಾರಿಂದು ಕಣಪ್ಪ. ನಿನ್ನ ಕಾರಿಗೇ ಹಾಕ್ಕೋ" ಎಂದೆ. "ಸಿಂಥೆಟಿಕ್ ಅಂದ್ಮೇಲೆ ಎಲ್ಲಕ್ಕೂ ನಡೆಯುತ್ತೆ" ಎಂದ. "ಹಿಂದೆ ಓದಿದೀಯಾ?" ಎಂದೆ. ಅವನು ಇವರ ಮುಖ ನೋಡಿದ. ಇವರು ಜಗುಲಿಯ ಮೇಲೆ ಕೂತಿದ್ದರು, ಗಾಡಿಯ ಕೀ ಅವರ ಪಕ್ಕದಲ್ಲೇ ಇತ್ತು.

ಅಷ್ಟರಲ್ಲಿ ನನ್ನ ಫೋನ್ ಹೊಡೆಯಿತು. ಪಕ್ಕದೂರಿನ ಮುನಿಗಂಗಮ್ಮ. ಅವರ ಮನೆಯ ಗೂಡು ಚಂದ್ರಿಕೆಯ ಬಿದಿರು ತಟ್ಟೆಯಿಂದ ಬಿಡಿಸಿ ಚೀಲಕ್ಕೆ ತುಂಬಿ ಆಗಿದೆ. "ಶ್ಯಾಮಲಮ್ಮಾ, ಬರ್ತೀಯಾ ತಾನೇ? ಬಿಸಿಲೇರಿದ್ರೆ ಗೂಡು ಬೆಂದೋಗುತ್ತೆ." "ಬಂದೆ" ಎಂದೆ. ಎಂದಮೇಲೆ ಇನ್ನೇನು, ಹೋಗಲೇಬೇಕಲ್ಲ. ಕೀ ತೆಗೆದುಕೊಂಡು ಹೋಗಿ ಗಾಡಿ ಸ್ಟಾರ್ಟ್ ಮಾಡಿದೆ. ಕೇಳಿ ತೆಗೆದುಕೊಂಡೆನೋ, ಕೇಳದೆ ತೆಗೆದುಕೊಂಡೆನೋ ಈಗ ಎಷ್ಟು ನೆನಪಿಸಿಕೊಂಡರೂ ಗೊತ್ತಾಗುತ್ತಿಲ್ಲ. ಮುರಳಿ ಅಡ್ಡ ಬಂದು "ಅತ್ತಿಗೆ, ಗಾಡಿ..." ಎಂದ. ತಡವಾಗುತ್ತಿದೆ, ಗಾಡಿ ಹತ್ತಿಕೋ, ಬಸ್ ಸ್ಟ್ಯಾಂಡಿನಲ್ಲಿ ಬಿಡುತ್ತೇನೆ ಎಂದೆ. ಪಾಪ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತ. ಇಳಿಯುವಾಗ, ಅಣ್ಣನಿಗೆ ಏನು ಹೇಳಲಿ ಎಂದು ಕೇಳಿದ. ನನಗೂ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮುನಿಗಂಗಮ್ಮನ ಗೂಡು ಹೊತ್ತಿಗೆ ಸರಿಯಾಗಿ ಹರಾಜಿಗೆ ಬಂತು. ವಾಪಸ್ಸು ಹೊರಟೆ. ಷರತ್ತು ಮುರಿದೆ. ಮಾತು ಮೀರಿದೆ. ಮನೆಯಲ್ಲಿ ರಂಪವಾಗುತ್ತದೆ, ಆಗಲಿ ಎಂದುಕೊಂಡೇ ಬಂದೆ.

ಇವರು ಜಗುಲಿಯಲ್ಲಿ ಅದೇ ಜಾಗದಲ್ಲಿದ್ದರು. ನಾನು ಗಾಡಿ ಹಿಂದಕ್ಕೆ ತೆಗೆದು ಬೇವಿನ ಮರದ ಕೆಳಗೆ ನಿಲ್ಲಿಸುವ ತನಕ ನೋಡುತ್ತಿದ್ದರು. ಹತ್ತಿರ ಹೋಗಿ ನಿಂತೆ. ಬೈಯಲಿಲ್ಲ.

"ನಾಳೆ ಎಲ್ಲಿಗೆ?" ಎಂದರು.

"ಚಿಂತಾಮಣಿ ಕಡೆ. ಹಿಪ್ಪುನೇರಳೆ ಸಸಿ ತರ್ಬೇಕಂತೆ ಯಾರಿಗೋ."

ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು.

"ನನ್ನನ್ನೂ ಕರ್ಕೊಂಡ್ ಹೋಗ್ತೀಯಾ?"

ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ಇವರು ನನ್ನನ್ನು ಹೀಗೆ ಏನನ್ನಾದರೂ ಕೇಳಿದ್ದು ನೆನಪಿಲ್ಲ. "ಹೂಂ, ಐದಕ್ಕೇ ರೆಡಿ ಇರ್ಬೇಕು" ಎಂದು ಒಳಗೆ ಬಂದುಬಿಟ್ಟೆ. ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಯಾಕೆ ಅಂತ ಅತ್ತೆ ಕೇಳಿದರು. ಹೊಗೆ ಎಂದೆ. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ?

ಎಡಗಡೆ ಸೀಟಿನ ಮೇಲೆ ಗೂಡಿನ ಖಾಲಿ ಚೀಲಗಳನ್ನು ರಾಶಿ ಹಾಕಿದ್ದೇನೆ. ಬೆಳಿಗ್ಗೆ ಅದನ್ನೆಲ್ಲ ಹಿಂದಕ್ಕೆ ಹಾಕಿ, ಅವರಿಗೆ ಕಾಲು ಚಾಚಲು ಜಾಗ ಮಾಡಬೇಕು.